ತಂದೆಯ ತಕ್ಕಡಿ, ತಾಯಿಯ ಮಾತು

ತಂದೆಯಿಂದ ಮಗನಿಗೆ ಹೊಲ ಬರುವುದು, ಮನೆ ಬರುವುದು, ಅಂಗಡಿಯೂ ಬರುವುದು. ಇವಕ್ಕೆಲ್ಲ ಕಾಗದಪತ್ರಗಳುಂಟು, ಸಾಕ್ಷಿಗಳುಂಟು. ಆದರೆ ಆ ಅಂಗಡಿಯಲ್ಲಿ ಕುಳಿತು ತಂದೆಯು ನಡೆಸಿದ ಸತ್ಯಶುದ್ಧ ಕಾಯಕವು ಮಗನಿಗೆ ಯಾವ ಪತ್ರದಿಂದ ಬರಬೇಕು? ಅದು ಉಪದೇಶದಿಂದ ಬರುವುದೆಂದು ತಿಳಿದವರು ಬಹುಮಂದಿ. ಮಠದಲ್ಲಿ ಪ್ರವಚನ ಕೇಳಿಬಂದು ಮಗನಿಗೆ ಶರಣರ ಮಹಿಮೆಯನ್ನು ವರ್ಣಿಸಿ, ಮರುದಿನ ಅವನ ಎದುರಿಗೇ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತುವ ತಂದೆಯೂ ಪಾಠವನ್ನೇ ಕಲಿಸುತ್ತಿದ್ದಾನೆ. ಮಗನು ಕಲಿಯುವುದು ಆ ಎರಡನೆಯ ಪಾಠವನ್ನು.

ಶರಣರು ವ್ಯಾಪಾರವನ್ನು ಹೀನವೃತ್ತಿಯೆಂದು ಬಗೆದವರಲ್ಲ. ಸೌರಾಷ್ಟ್ರದಿಂದ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಾರ್ಥವಾಗಿ ಬಂದ ಆದಯ್ಯನು ವರ್ತಕನೇ. ಸೌರಾಷ್ಟ್ರ ಸೋಮೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಆ ಮಹಾನುಭಾವನ ಚರಿತ್ರೆಯನ್ನು ಹರಿಹರನು ರಗಳೆಯಲ್ಲಿ ಹಾಡಿದನು, ರಾಘವಾಂಕನು ‘ಸೋಮನಾಥಚಾರಿತ್ರೆ’ಯಲ್ಲಿ ವಿಸ್ತರಿಸಿದನು. ಲಾಭವು ಶರಣರಿಗೆ ನಿಷಿದ್ಧವಲ್ಲ. ಸಲ್ಲದ ಲಾಭ ನಿಷಿದ್ಧ. ನುಲಿಯ ಚಂದಯ್ಯನ ವೃತ್ತಾಂತವು ಇದನ್ನೇ ಸಾರುತ್ತದೆ. ಆತನು ಹೊಸೆದ ಹಗ್ಗವನ್ನು ಮಾರಿದಾಗ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಹಣ ಬಂದಿತು. ಕೊಟ್ಟವರು ಬಸವಣ್ಣನವರು, ಕೊಟ್ಟದ್ದು ಭಕ್ತಿಯಿಂದ. ಆದರೂ ಚಂದಯ್ಯನು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆಯೇ ಸಲ್ಲತಕ್ಕದ್ದು. ಭಕ್ತಿಯನ್ನು ಅದರೊಡನೆ ತೂಗಲಾಗದು. ಗಿರಾಕಿಯು ತಾನಾಗಿ ಹೆಚ್ಚು ಕೊಟ್ಟರೆ ದೋಷವೇನೆಂದು ಕೇಳುವ ವರ್ತಕರು ಈ ಪ್ರಸಂಗವನ್ನು ಏಕಾಂತದಲ್ಲಿ ಚಿಂತಿಸಬೇಕು.

ಇದಕ್ಕೆ ದೃಷ್ಟಾಂತವಾಗಿ ಶಿರಸಿ ತಾಲ್ಲೂಕಿನ ದಾಸನಕೊಪ್ಪದಂಥ ಊರಿನಲ್ಲಿ ಒಂದು ಕಿರಾಣಿ ಅಂಗಡಿಯನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡು ಬಯಲುಸೀಮೆಗೆ ಇಳಿಯುವ ಬನವಾಸಿಯ ಕಡೆಯ ನಾಡು ಅದು. ಭತ್ತದ ಗದ್ದೆಯನ್ನು ನಂಬಿದ ಒಕ್ಕಲುಮನೆಗಳು. ಆಷಾಢದಲ್ಲಿ ಒಯ್ದ ಉಪ್ಪು, ಬೆಲ್ಲ, ಎಣ್ಣೆಗಳಿಗೆ ಸುಗ್ಗಿಯಲ್ಲಿ ಹಣ ಬರಬೇಕು. ಆದುದರಿಂದ ಇಂಥ ಅಂಗಡಿಯ ಪ್ರಾಣವು ಗಲ್ಲೆಯಲ್ಲಿಲ್ಲ, ಉದ್ರಿಯ ಖಾತೆಯಲ್ಲಿದೆ. ಬರೆಯುವವನು ವರ್ತಕ, ಬರೆದುದನ್ನು ಓದಲಾರದೆ ಹೆಬ್ಬೆಟ್ಟನ್ನೊತ್ತುವವನು ಒಕ್ಕಲಿಗ. ಒಂದು ಸೊನ್ನೆಯನ್ನು ಹೆಚ್ಚಿಸಿದರೆ ಕೇಳುವವರು ಯಾರು?

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. ರೂಪಾಯಿಗೆ ಹದಿನಾರಾಣೆಯಿದ್ದುದು ನೂರು ಪೈಸೆಯಾಯಿತು. ಆಣೆಯೊಂದಕ್ಕೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೆಲ್ಲಿಯದು? ಒಂದಾಣೆಯ ಸಾಮಾನಿಗೆ ಏಳು ಪೈಸೆ ಕೇಳಿದರೆ ಜನರು ಕೊಟ್ಟೇ ಕೊಡುವರೆಂದು ದೃಷ್ಟಾಂತದ ಆ ಹುಡುಗನು ಉತ್ಸಾಹದಿಂದ ಹೇಳಿದನು. ತಂದೆಯು, “ತಮ್ಮಾ, ಒಂದು ಕೊಂಡವರ ಹತ್ತಿರ ಆರು ತಕ್ಕೋ, ನಾಲ್ಕು ಕೊಂಡವರ ಹತ್ತಿರ ಇಪ್ಪತ್ತೈದು ತಕ್ಕೋ. ಕಾಲು ಪೈಸೆ ಹೋದರೆ ನಮ್ಮದು ಹೋಗಲಿ” ಎಂದನು. ಸರಕಾರದ ಲೆಕ್ಕಪಟ್ಟಿಯೂ ಆಣೆಗೆ ಆರೇ ಪೈಸೆಯೆಂದು ಹೇಳುತ್ತಿತ್ತು. ಆದರೆ ಪಟ್ಟಿಯನ್ನು ನೋಡಿ ಕೊಳ್ಳುವವರು ಹಳ್ಳಿಯಲ್ಲಿ ಎಷ್ಟು ಮಂದಿ!

ಬಳಿಕ ಕಿಲೋಗ್ರಾಮಿನ ತೂಕ ಬಂದಿತು. 1962ರ ಏಪ್ರಿಲಿನಿಂದ ಅದು ಕಡ್ಡಾಯವಾಯಿತು. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. ಎರಡೂ ಒಂದೇ ಎಂದು ನಂಬಿದ್ದ ಗಿರಾಕಿಗೆ ಹಳೆಯ ಸೇರನ್ನು ತೂಗಿ ಕಿಲೋದ ಬೆಲೆಯನ್ನು ಪಡೆಯುವುದು ಕಷ್ಟವಿರಲಿಲ್ಲ. ತಂದೆಯು ಹಳೆಯ ತೂಕದ ಕಲ್ಲುಗಳನ್ನು ಒಂದೇ ದಿನ ಚೀಲಕ್ಕೆ ಕಟ್ಟಿ ಅಟ್ಟಕ್ಕೇರಿಸಿದನು. ಧರ್ಮದ ಮಾತನ್ನೇನೂ ಆಡಲಿಲ್ಲ. ಏಣಿಯನ್ನು ಹಿಡಿದು ನಿಂತವನು ಮಗನು, ಅಷ್ಟೇ ಸಾಕಾಯಿತು. ಇಂದು ತಕ್ಕಡಿಯ ಸ್ಥಾನದಲ್ಲಿ ವಿದ್ಯುತ್ತಿನ ತೂಕಯಂತ್ರ ಬಂದಿದೆ, ಹಣವು ಕೈಯಿಂದ ಕೈಗೆ ಬಾರದೆ ಮೊಬೈಲಿನಲ್ಲಿ ಬರುತ್ತದೆ. ಯಂತ್ರವನ್ನು ತಿದ್ದಿಡುವ ಕೈ ಮಾತ್ರ ಹಳೆಯದೇ.

ಕಾಲಾಂತರದಲ್ಲಿ ತಂದೆಯು ಲಿಂಗೈಕ್ಯನಾದನು. ಮಗನು ಖಾತೆಗಳನ್ನು ತೆರೆದು ಕುಳಿತನು. ಒಂದು ಹಾಳೆಯಲ್ಲಿ ಒಬ್ಬ ಒಕ್ಕಲಿಗನ ಹೆಸರಿಗೆ ದೊಡ್ಡ ಬಾಕಿ. ಕೆಳಗೆ ಹೆಬ್ಬೆಟ್ಟಿನ ಗುರುತು. ಜಮೆಯ ಕಡೆ ಬರಿದು. ಅಂಗಡಿಗೆ ಹಣದ ಅಗತ್ಯ ಬಹಳವಿತ್ತು. ಸರಕು ಕೊಟ್ಟ ಪೇಟೆಯ ಸಗಟು ವ್ಯಾಪಾರಿಗಳು ಬಾಗಿಲಿಗೆ ಬಂದಿದ್ದರು. ಆಗ ತಾಯಿಯು ಒಳಗಿನಿಂದ ಬಂದು, “ಅದು ತೀರಿದ ಬಾಕಿ ತಮ್ಮಾ. ಆ ವರ್ಷ ಅವರು ಗಂಡ ಹೆಂಡತಿ ನಮ್ಮ ಗದ್ದೆ ಕೊಯ್ದು ಒಕ್ಕಿ ಕೊಟ್ಟರು. ನಿಮ್ಮಪ್ಪ ಕೂಲಿಯನ್ನು ಬಾಕಿಗೆ ಮುರಿದರು. ಬರೆಯುವ ಮೊದಲೇ ಹಾಸಿಗೆ ಹಿಡಿದರು” ಎಂದಳು.

ಮಗನು ಸುಮ್ಮನಾದನು. ಕಾಗದವು ಬಾಕಿಯಿದೆ ಎನ್ನುತ್ತದೆ, ತಾಯಿಯು ಇಲ್ಲವೆನ್ನುತ್ತಾಳೆ. ಕಾಗದವೊಂದನ್ನೇ ನೋಡುವವರಿಗೆ ಅವನು ಕೇಳುವುದು ತಪ್ಪಾಗಿ ಕಾಣದು. ಊರಿನ ಬುದ್ಧಿವಂತರು ‘ಅಂಗಡಿ ಉಳಿಯಲಿ, ಆಮೇಲೆ ನೋಡೋಣ’ ಎಂದೇ ಹೇಳಿಯಾರು. ಈ ಮಾತನ್ನು ಹಗುರಾಗಿ ತಳ್ಳಿಬಿಡುವುದು ಸುಲಭವಲ್ಲ. ಅಂಗಡಿ ಮುಳುಗಿದರೆ ಮಕ್ಕಳ ಅನ್ನವೂ ಹೋಗುವುದು, ಜಂಗಮ ದಾಸೋಹವೂ ನಿಲ್ಲುವುದು.

ಆದರೆ ಇದೇ ತೊಡಕು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಒಂದು ಬಡ ಗುಡಿಸಲಿನಲ್ಲಿಯೂ ಎದ್ದಿತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಕದ್ದುದಲ್ಲ, ಬೇಡಿದುದಲ್ಲ, ದಾಸೋಹಕ್ಕೆ ಬೇಕಾದುದೇ. ಲಕ್ಕಮ್ಮನು ಅಕ್ಕಿಯನ್ನು ನೋಡಿದ ಕ್ಷಣವೇ ಅಳತೆ ಮೀರಿದುದನ್ನು ಅರಿತಳು. ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿದಳು. ಮನೆಯ ಹೆಂಗಸಿಗೆ ವ್ಯಾಪಾರದ ಮಾತೇಕೆಂದು ಮಾರಯ್ಯನು ಕೇಳಲಿಲ್ಲ. ಪತಿಯ ಕಾಯಕ ತಪ್ಪಿದುದನ್ನು ಸತಿಯು ತಿದ್ದಿದಳು, ಪತಿಯು ನಡೆದನು. ಗಳಿಕೆಯ ಲೆಕ್ಕ ಗಂಡಸಿನದೆಂದೂ ಅಡಿಗೆಯ ಲೆಕ್ಕ ಹೆಂಗಸಿನದೆಂದೂ ಭಾಗಮಾಡಿಕೊಂಡ ಗೃಹಸ್ಥರಿಗೆ ಈ ಕಥೆ ಪೂರ್ತಿಯಾಗಿ ಅರ್ಥವಾಗಿಲ್ಲವೆಂದೇ ಹೇಳಬೇಕು. ಅಂಗಡಿಯಿಂದ ಬಂದ ಧಾನ್ಯವನ್ನು ಬೇಯಿಸಿ ಲಿಂಗಕ್ಕೆ ಅರ್ಪಿಸುವ ಕೈ ಅವಳದು. ಅದು ಎಲ್ಲಿಂದ ಬಂದಿತೆಂದು ಕೇಳುವ ಅಧಿಕಾರವೂ ಅವಳದೇ.

ದಾಸನಕೊಪ್ಪದ ಆ ಮಗನು ಸಂಜೆಯವರೆಗೂ ಖಾತೆಯ ಮುಂದೆ ಕುಳಿತಿದ್ದನು. ದೀಪ ಹಚ್ಚುವ ಹೊತ್ತಿಗೆ ಜಮೆಯ ಕಡೆಗೆ ಕೂಲಿಯ ಮೊತ್ತವನ್ನು ಬರೆದು, ಬಾಕಿಗೆ ಅಡ್ಡಗೆರೆಯನ್ನು ಎಳೆದನು. ಕೂಲಿಯನ್ನು ಲೆಕ್ಕಹಾಕಿ ನೋಡಿದಾಗ ಅದು ಬಾಕಿಗಿಂತ ಮೂರು ರೂಪಾಯಿ ಹೆಚ್ಚಾಗಿತ್ತು. ಗಲ್ಲೆಯಿಂದ ಮೂರು ರೂಪಾಯಿಗಳನ್ನು ತೆಗೆದುಕೊಂಡು, ಒಕ್ಕಲಿಗನನ್ನು ಅಂಗಡಿಗೆ ಕರೆಸದೆ, ಅವನ ಮನೆಯ ಕಡೆಗೆ ತಾನೇ ನಡೆದನು.