ಸೌಪರ್ಣಿಕೆ ಕಡಲು ಸೇರಿದ ಮೇಲೆ

ನದಿ ಸಮುದ್ರ ಸೇರಿದ ಮೇಲೆ ಆ ನದಿ ಎಲ್ಲಾದರೂ ಉಳಿದಿರುತ್ತದೆಯೇ? ಉಪನಿಷತ್ತಿನ ಕಾಲದ ಈ ಪ್ರಶ್ನೆ ನಮ್ಮ ಮನೆಯಲ್ಲಿ ಏಳುವುದು ದೀಪಾವಳಿ ಕಳೆದ ಮೇಲಿನ ಒಂದು ದಿನ, ಕೊಲ್ಲೂರಿನಿಂದ ಮರವಂತೆಗೆ ಬರುವ ದಾರಿಯಲ್ಲಿ. ನನ್ನ ತವರು ಕೋಟದ ಕಡೆಯ ಸ್ಮಾರ್ತರ ಮನೆ. ಸೇರಿದ್ದು ಕುಂದಾಪುರದ ಮಾಧ್ವರ ಮನೆ. ವರ್ಷಕ್ಕೊಮ್ಮೆ ಎರಡೂ ಮನೆಯವರು ಒಂದೇ ಗಾಡಿಯಲ್ಲಿ ಹೊರಡುತ್ತೇವೆ. ನಡುವಿನ ಸೀಟಿನಲ್ಲಿ ಅಪ್ಪಯ್ಯ ಮತ್ತು ಅತ್ತೆ, ಹಿಂದೆ ಮಕ್ಕಳು, ಮಕ್ಕಳ ಕಾಲಬುಡದಲ್ಲಿ ಕೊಟ್ಟೆ ಕಡುಬಿನ ಪಾತ್ರೆ. ಹಲಸಿನ ಎಲೆಯ ಪರಿಮಳ ವಂಡ್ಸೆ ದಾಟುವಷ್ಟರಲ್ಲಿ ಗಾಡಿ ತುಂಬ ಹರಡಿರುತ್ತದೆ.

ಸೌಪರ್ಣಿಕೆ ಹರಿಯುವ ದಾರಿಯೇ ನನಗೆ ಈ ಎರಡು ಮನೆಗಳ ನಡುವಿನ ದಾರಿಯಂತೆ ಕಂಡಿದೆ. ಕೊಡಚಾದ್ರಿಯ ಎತ್ತರ 1,343 ಮೀಟರು. ಅದರ ನೆತ್ತಿಯ ಮೇಲಿರುವ ಪುಟ್ಟ ಕಲ್ಲುಮಂಟಪವನ್ನು ಸರ್ವಜ್ಞ ಪೀಠ ಎನ್ನುತ್ತಾರೆ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರು, ಅವರ ಬೆನ್ನ ಹಿಂದೆಯೇ ದೇವಿ ಕೊಲ್ಲೂರಿಗೆ ಬಂದಳು ಎಂಬುದು ನಂಬಿಕೆ. ಆ ಬೆಟ್ಟಸಾಲಿನ ನೀರು ಇಳಿದು ಸೇರುವ ಕಡಲು ಮಧ್ವಾಚಾರ್ಯರದ್ದು. ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಅವರಿಗೆ ಸಿಕ್ಕಿದ ಎನ್ನುವ ಮಲ್ಪೆಯ ವಡಭಾಂಡೇಶ್ವರ ಇದೇ ದಂಡೆಯ ತೆಂಕಣಕ್ಕಿದೆ. ಅದ್ವೈತದ ಬೆಟ್ಟದಲ್ಲಿ ಹುಟ್ಟಿ ದ್ವೈತದ ಕಡಲಿಗೆ ಬರುವ ನೀರು ಇದು.

ಕೊಲ್ಲೂರಿನ ಸ್ನಾನಘಟ್ಟದಲ್ಲಿ ಹಿರಿಯರು ಮುಳುಗು ಹಾಕಿ ದೇವಸ್ಥಾನಕ್ಕೆ ನಡೆದರೆ, ನಾವು ಮಕ್ಕಳನ್ನು ಕಟ್ಟಿಕೊಂಡು ಅರಿಶಿನಗುಂಡಿಗೆ ಹೋಗುತ್ತೇವೆ. ಮಳೆಗಾಲದಲ್ಲಿ ಆ ಬಂಡೆಗಳ ಹತ್ತಿರ ಹೋಗಬಾರದು, ಪ್ರಾಣಕ್ಕೆ ಅಪಾಯ. ದೀಪಾವಳಿ ಹೊತ್ತಿಗೆ ನೀರಿನ ರಭಸ ಇಳಿದಿರುತ್ತದೆ. ದಾರಿ ಮೂಕಾಂಬಿಕಾ ವನ್ಯಧಾಮದ ಕಾಡಿನೊಳಗಿನದು, ಇಂಬಳ ಇನ್ನೂ ಇರುತ್ತವೆ. ಜಲಪಾತ ಕಾಣುವ ಮೊದಲೇ ಅದರ ಗಾಳಿ ಮುಖಕ್ಕೆ ಬಡಿಯುತ್ತದೆ, ತಣ್ಣಗೆ, ಒದ್ದೆಯಾಗಿ. ಬಿಸಿಲು ನೆತ್ತಿಗೆ ಬಂದಾಗ ಬಂಡೆಯ ಮೇಲೆ ಒಡೆದು ಹಾರುವ ಹನಿಗಳಿಗೆ ತೆಳು ಹಳದಿ ಬಣ್ಣ ಬರುತ್ತದೆ. ಒಂದೊಂದು ಹನಿಯೂ ಕಣ್ಣಿಗೆ ಬೇರೆಬೇರೆಯಾಗಿ ಬೀಳುವ ಗಳಿಗೆ ಅದು. ಕೆಳಗೆ ಗುಂಡಿಗೆ ಬಿದ್ದಮೇಲೆ ಯಾವ ಹನಿ ಯಾವುದೆಂದು ಯಾರೂ ಹೇಳಲಾರರು.

ಛಾಂದೋಗ್ಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ನದಿಗಳ ಮಾತು ಹೇಳುವಾಗ, ಅವು ಸಮುದ್ರದಿಂದಲೇ ಬಂದು ಸಮುದ್ರಕ್ಕೇ ಸೇರುತ್ತವೆ, ಸೇರಿದ ಮೇಲೆ ನಾನು ಈ ನದಿ ಎಂಬ ಅರಿವು ಅವಕ್ಕಿರುವುದಿಲ್ಲ ಎನ್ನುತ್ತಾನೆ. ಅಪ್ಪಯ್ಯ ಇದನ್ನು ಹೇಳುವಾಗಲೆಲ್ಲ ಮೊದಲ ಭಾಗಕ್ಕೇ ಹೆಚ್ಚು ಒತ್ತು ಕೊಡುತ್ತಾರೆ. ಜ್ಯೇಷ್ಠದಲ್ಲಿ ಅರಬ್ಬೀ ಸಮುದ್ರದ ಮೇಲಿಂದ ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು ಮಳೆ ಸುರಿಸದಿದ್ದರೆ ಅರಿಶಿನಗುಂಡಿಯೇ ಇಲ್ಲ. ಹಾಗಾಗಿ ಮಕ್ಕಳು ನೆನೆದದ್ದು ಕಡಲಿನಲ್ಲೇ, ಬೆಟ್ಟದ ಬುಡದಲ್ಲಿ ನಿಂತು ನೆನೆದದ್ದು ಅಷ್ಟೇ ಎಂಬುದು ಅವರ ಮಾತು. ಕಳೆದುಕೊಳ್ಳುವುದು ಏನನ್ನು? ನಾನು ಇಷ್ಟೇ ಎಂದುಕೊಂಡ ಮಿತಿಯನ್ನು ಮಾತ್ರ. ಸಣ್ಣವಳಿದ್ದಾಗ ಈ ವಿವರಣೆ ಕೇಳಿ ನನಗೆ ಎಷ್ಟು ಧೈರ್ಯ ಬರುತ್ತಿತ್ತೆಂದು ಹೇಳಲಾರೆ. ಸಾವಿನ ಭಯ ಹೋಗಿದ್ದು ಅದರಿಂದಲೇ.

ಬರುವಾಗ ಬೈಂದೂರು ಕಡೆಯಿಂದ ಇಳಿದು, ನಾವುಂದ ದಾಟಿ ಮರವಂತೆಗೆ ಬರುತ್ತೇವೆ. ರಾಷ್ಟ್ರೀಯ ಹೆದ್ದಾರಿ 66ರ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ. ನಡುವೆ ರಸ್ತೆಯ ಅಗಲ ಮತ್ತು ಒಂದಿಷ್ಟು ಮರಳು, ಕಲ್ಲಿನ ತಡೆಗೋಡೆ. ಇಷ್ಟು ಹತ್ತಿರ ಬಂದ ನದಿ ಇಲ್ಲಿ ಕಡಲು ಸೇರುವುದಿಲ್ಲ. ಅಲೆಯ ಸದ್ದು ಕೇಳುವಲ್ಲಿಂದಲೇ ಹೊರಳಿ, ಇನ್ನೂ ಸುಮಾರು 10 ಕಿಲೋಮೀಟರು ಹರಿದು, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳ ಜೊತೆಗೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸೇರುತ್ತದೆ. ಕರ್ಕಾಟಕ ಅಮಾವಾಸ್ಯೆಯಂದು ವರಾಹಸ್ವಾಮಿಯ ಜಾತ್ರೆಗೆ ಬಂದವರು ಸಮುದ್ರದಲ್ಲೂ ಹೊಳೆಯಲ್ಲೂ ಮೀಯುತ್ತಾರೆ. ಹೊಸದಾಗಿ ಮದುವೆಯಾದವರು ಬರುವುದು ಹೆಚ್ಚು. ಮದುವೆಯಾದ ವರ್ಷ ನಾವೂ ಬಂದಿದ್ದೆವು. ಉಪ್ಪುನೀರಿನಲ್ಲಿ ಮುಳುಗಿ, ರಸ್ತೆ ದಾಟಿ, ಸಿಹಿನೀರಿನಲ್ಲಿ ಮುಳುಗಿದಾಗ ಮೈಯ ಅಂಟು ಬಿಟ್ಟುಹೋದದ್ದು ಇವತ್ತಿಗೂ ನೆನಪಿದೆ. ಎರಡರಲ್ಲೂ ಬೇರೆಬೇರೆ ಮೀಯಬೇಕೆಂದು ಗೊತ್ತುಮಾಡಿದ ಹಿಂದಿನವರು ಎರಡನ್ನೂ ಪ್ರೀತಿಸಿದ್ದರು.

ಅತ್ತೆ ಉಳಿದ ದಿನಗಳಲ್ಲಿ ಸಮುದ್ರಕ್ಕೆ ಇಳಿಯುವುದಿಲ್ಲ. ಪರ್ವದಿನ ಬಿಟ್ಟು ಸಮುದ್ರಸ್ನಾನ ಕೂಡದೆಂಬ ಶಾಸ್ತ್ರವನ್ನು ಅವರು ಪಾಲಿಸುತ್ತಾರೆ. ಮೊಮ್ಮಕ್ಕಳು ಅಲೆಯಲ್ಲಿ ಕಾಲು ನೆನೆಸುವಾಗ ಒಣ ಮರಳಿನಲ್ಲಿ ಸೆರಗು ಹೊದ್ದು ಕೂತಿರುತ್ತಾರೆ. ಒಂದು ವರ್ಷ ಕೊಲ್ಲೂರಿನಿಂದ ಚೊಂಬಿನಲ್ಲಿ ತಂದ ಸೌಪರ್ಣಿಕೆಯ ನೀರನ್ನು ಮಗನ ಕೈಯಲ್ಲಿ ಕೊಟ್ಟು ಕಡಲಿಗೆ ಬಿಡಿಸಿದರು. ಅಪ್ಪಯ್ಯನಿಗೆ ಅಷ್ಟೇ ಸಾಕಾಯಿತು.

“ಈಗ ನಿಮ್ಮ ಚೊಂಬಿನ ನೀರು ಯಾವ್ದು, ತೋರ್ಸಿ ಕಾಂಬ,” ಎಂದರು.

ಅತ್ತೆ ಆಚಾರ್ಯರ ಯುಕ್ತಿಯನ್ನೇ ಹೇಳಿದರು. ನೀರಿಗೆ ನೀರು ಹಾಕಿದರೆ ಬೆರೆಯುತ್ತದೆ ನಿಜ, ಆದರೆ ಹೆಚ್ಚಾಗುತ್ತದೆ. ಎರಡೂ ಒಂದೇ ಆಗಿಬಿಟ್ಟರೆ ಹೆಚ್ಚಾಗುವುದು ಎಲ್ಲಿಂದ? ಬ್ರಹ್ಮಸೂತ್ರ ಭಾಷ್ಯದಲ್ಲಿ ಮಧ್ವರು ಪುರಾಣವಾಕ್ಯವನ್ನು ಆಧಾರವಾಗಿಟ್ಟುಕೊಂಡು ಹೇಳುವ ಮಾತು ಇದೇ.

“ಹೆಚ್ಚಾಯ್ತು, ಸರಿ. ವಾಪಸ್ ತೆಗ್ದ್ ಕೊಡಿ,” ಎಂದು ಅಪ್ಪಯ್ಯ ಬಿಡಲಿಲ್ಲ.

“ನಂಗ್ ಬೇರೆ ಮಾಡುಕೆ ಬತ್ತಿಲ್ಲೆ,” ಎಂದರು ಅತ್ತೆ. “ಅವನ್ಗೂ ಬತ್ತಿಲ್ಲೆ ಅಂದೇಳಿ ಹೇಳದ್ಯಾರ್?”

ಮಾವನವರ ಅಸ್ಥಿ ಬಿಟ್ಟದ್ದು ಗಂಗೊಳ್ಳಿ ಅಳಿವೆಯಲ್ಲಿ. ಅಸ್ಥಿಯೇ ಅವರಲ್ಲ ಎಂಬುದು ಅತ್ತೆಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಐವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ ಎಲ್ಲೋ ಅವರಾಗಿಯೇ ಇದ್ದಾರೆ, ಅವರ ಹೆಸರು ಹಿಡಿದು ಕರೆಯಬಲ್ಲವನೊಬ್ಬ ಇದ್ದಾನೆ ಎಂಬ ಭರವಸೆಯ ಮೇಲೆ ಆ ಹೆಂಗಸು ದಿನಾ ಬೆಳಿಗ್ಗೆ ಎದ್ದು ದೇವರ ಮುಂದೆ ದೀಪ ಹಚ್ಚುತ್ತಾರೆ. ಅವರ ಉತ್ತರ ಕೇಳಿದ ದಿನದಿಂದ ನನ್ನ ಮನಸ್ಸು ಅವರ ಕಡೆಗೆ ವಾಲಿದೆ. ನನ್ನ ಕಣ್ಣಿಗೆ ಬೇರೆ ಕಾಣದ್ದರಿಂದ ಬೇರೆಯೇ ಇಲ್ಲ ಎಂದು ತೀರ್ಮಾನಿಸುವುದು ನನ್ನ ಕಣ್ಣಿಗೆ ಅತಿಯಾದ ಅಧಿಕಾರ ಕೊಟ್ಟಂತೆ. ಮಾಧ್ವರ ಮೋಕ್ಷದಲ್ಲಿ ಜೀವ ತನ್ನ ಸ್ವರೂಪದ ಆನಂದವನ್ನು ತಾನೇ ಅನುಭವಿಸುತ್ತದೆ. ಅನುಭವಿಸುವವರು ಇಲ್ಲದ ಆನಂದ ನನಗೆ ಊಹೆಗೆ ನಿಲುಕುವುದಿಲ್ಲ. ಅಲೆ ಬಂದಾಗ ಮಗಳು ಕಿರುಚಿ ಓಡಿಬಂದು ನನ್ನ ಸೀರೆ ಹಿಡಿಯುವ ಆ ಸಂತೋಷಕ್ಕೆ ಅವಳೂ ಬೇಕು, ಅಲೆಯೂ ಬೇಕು.

ಹಾಗೆಂದು ಆ ಮತದ ಎಲ್ಲವೂ ನನಗೆ ಒಪ್ಪಿಗೆಯಾಗಿಲ್ಲ. ಮೋಕ್ಷದಲ್ಲೂ ತಾರತಮ್ಯ ಉಂಟೆಂಬುದನ್ನು ಹೇಗೋ ಒಪ್ಪಬಹುದು, ಪಾತ್ರೆ ಸಣ್ಣದಾದರೂ ತುಂಬಿದ್ದರೆ ಸಾಕು. ಕೆಲವು ಜೀವರು ಸ್ವಭಾವದಿಂದಲೇ ನಿತ್ಯ ಸಂಸಾರಿಗಳು, ಕೆಲವರು ಕತ್ತಲೆಗೇ ಯೋಗ್ಯರು ಎಂಬ ವಿಭಾಗ ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕೊಲ್ಲೂರಿನ ಸೌಪರ್ಣಿಕೆಯನ್ನೂ, ಹೆಚ್ಚು ಜನ ಹೆಸರೇ ಕೇಳಿರದ ಖೇಟೆಯನ್ನೂ ಒಂದೇ ಅಳಿವೆಯಲ್ಲಿ ತೆಗೆದುಕೊಳ್ಳುವ ಕಡಲಿನ ಪಕ್ಕ ಬೆಳೆದವಳು ನಾನು. ಈ ಒಂದು ವಿಷಯದಲ್ಲಿ ಅಪ್ಪಯ್ಯನ ಪಕ್ಷ ಬಿಡಲಾರೆ ಎಂದು ಅತ್ತೆಗೂ ಹೇಳಿದ್ದೇನೆ. ಅವರು ಸಿಟ್ಟಾಗಲಿಲ್ಲ. ಅಳಿವೆಗೆ ಬರಬೇಕಾದರೆ ನೀರು ಹರಿಯಬೇಕಲ್ಲ, ಹರಿಯಲೊಲ್ಲೆ ಎಂದು ನಿಂತ ನೀರಿಗೆ ಯಾರು ಏನು ಮಾಡುವುದು ಎಂದು ಕೇಳಿದರು.

ಅದಕ್ಕೆ ನನ್ನ ಉತ್ತರ ಈ ಊರಿನ ಬೇಸಾಯಗಾರರಿಂದ ಬಂದದ್ದು. ಉಪನಿಷತ್ತಿನ ಮಾತಿನಲ್ಲಿ ನದಿ ಕಡಲಿಗೆ ಹೋಗುತ್ತದೆ; ನಮ್ಮ ಕಡೆ ದಿನಕ್ಕೆರಡು ಸಲ ಕಡಲೇ ನದಿಯೊಳಗೆ ಬರುತ್ತದೆ. ಭರತದ ಹೊತ್ತಿಗೆ ಅಳಿವೆಯಿಂದ ಉಪ್ಪುನೀರು ಏರುತ್ತ ಬಂದು, ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಒಳನಾಡಿನ ಗದ್ದೆಯ ಅಂಚಿನವರೆಗೂ ಮುಟ್ಟುತ್ತದೆ. ಬಾವಿಯ ನೀರು ಸವುಳಾಗುವುದು, ಆಮೇಲೆ ಉಪ್ಪಾಗುವುದು ಇಲ್ಲಿಯವರಿಗೆ ಗೊತ್ತು. ಅದನ್ನು ತಡೆಯಲೆಂದೇ ಕಿಂಡಿ ಅಣೆಕಟ್ಟು ಕಟ್ಟಿ ಹಲಗೆ ಹಾಕುತ್ತಾರೆ. ಬೆಳೆಗೆ ಅದು ಕೇಡು, ಹಲಗೆ ಹಾಕುವುದು ಸರಿಯೇ. ಆದರೆ ಹರಿಯದೆ ನಿಂತ ನೀರನ್ನೂ ಕಡಲು ತಾನಾಗಿ ಹುಡುಕಿಕೊಂಡು ಬರುತ್ತದೆಯಾದರೆ, ಯಾವ ಜೀವಕ್ಕೂ ಆ ಬಾಗಿಲು ಮುಚ್ಚಿದೆಯೆಂದು ನಾನು ಯಾಕೆ ನಂಬಬೇಕು?

ತ್ರಾಸಿ ದಾಟುವಾಗ ಇದನ್ನು ಅತ್ತೆಗೆ ಹೇಳಿದೆ. ಅಪ್ಪಯ್ಯ ಮುಂದಕ್ಕೆ ಬಾಗಿ, ಕಡಲು ಹೊಳೆಗೂ ಹೊಳೆ ಕಡಲಿಗೂ ಹೀಗೆ ಹೋಗಿಬರುವುದಾದರೆ ಎರಡೆಂದು ಲೆಕ್ಕ ಹಾಕುವುದು ಯಾವ ಜಾಗದಿಂದ ಎಂದು ಕೇಳಿದರು. ಅತ್ತೆ, ಬರುವವನೊಬ್ಬ, ಬರಮಾಡಿಕೊಳ್ಳುವವರೊಬ್ಬರು, ಅಲ್ಲಿಂದಲೇ ಲೆಕ್ಕ ಎಂದರು. ಹೆಮ್ಮಾಡಿಯವರೆಗೂ ಇಬ್ಬರೂ ಪಟ್ಟು ಬಿಡಲಿಲ್ಲ.