ಯಾರ ಪೈಕಿ?

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಕೆಲವು ದಿನ ಕಾಗದಗಳದೇ ಮಾತು. ಶಾಲೆ ಬಿಟ್ಟ ದಾಖಲಾ, ಜಾತಿಯ ದಾಖಲಾ, ಉತ್ಪನ್ನದ ದಾಖಲಾ, ರಹಿವಾಸಿ ದಾಖಲಾ. ಮನೆಯಲ್ಲೂ ಶಾಲೆಯಲ್ಲೂ ಕನ್ನಡವನ್ನೇ ಆಡಿ ಬೆಳೆದ ಮಗು ತನ್ನನ್ನು ತಾನು ಮರಾಠಿಯ ಪುಟ್ಟ ಪುಟ್ಟ ಚೌಕಗಳಲ್ಲಿ ತುಂಬಲು ಕೂರುತ್ತದೆ. ನೀನು ಯಾರು ಎಂಬ ಪ್ರಶ್ನೆಯನ್ನು ಹದಿನಾರರ ಹರೆಯಕ್ಕೆ ಮೊದಲು ಕೇಳುವವರು ಗುರುಗಳಲ್ಲ, ತಹಸೀಲ ಕಚೇರಿಯ ಕಾರಕೂನರು.

ಅರ್ಜಿ ಬಹಳ ಸಲ ದೂರವೇನೂ ಹೋಗುವುದಿಲ್ಲ. ಅಂಕ ಹೆಚ್ಚು ಬಂದವರು ಪುಣೆಯ ಕಡೆಗೋ ಲಾತೂರಿನ ಕಡೆಗೋ ನೋಡುತ್ತಾರೆ. ಉಳಿದವರಿಗೆ ಊರಿನ ಕಾಲೇಜು, ಇಲ್ಲವೇ ಸುಮಾರು 40 ಕಿಲೋಮೀಟರ್ ಆಚೆಯ ಸೊಲ್ಲಾಪುರದ ಯಾವುದಾದರೊಂದು ಖಾಸಗಿ ಸಂಸ್ಥೆ. ಅಕ್ಕಲಕೋಟೆಯ ಕಾಲೇಜಿಗಂತೂ ಉದ್ದದ ಹೆಸರು: ಸಿ. ಬಿ. ಖೇಡಗಿ ಅವರ ಬಸವೇಶ್ವರ ವಿಜ್ಞಾನ, ರಾಜಾ ವಿಜಯಸಿಂಹ ವಾಣಿಜ್ಯ ಮತ್ತು ರಾಜಾ ಜಯಸಿಂಹ ಕಲಾ ಮಹಾವಿದ್ಯಾಲಯ. ಒಂದು ಮನೆತನ, ಒಬ್ಬ ಶರಣ, ಇಬ್ಬರು ರಾಜರು ಒಂದೇ ಫಲಕದ ಮೇಲೆ ಹೊಂದಿಕೊಂಡಿದ್ದಾರೆ. ಯಾವ ಅರ್ಜಿಯ ಚೌಕದಲ್ಲೂ ಅಷ್ಟು ಹೆಸರು ಹಿಡಿಸಲಾರದು. ಆದರೂ ‘ಇಲ್ಲೇ ಊರಾಗಿನ ಕಾಲೇಜಿಗೆ ಹಾಕೀವ್ರಿ’ ಎನ್ನುವಾಗ ತಂದೆಯ ದನಿ ಏಕೋ ಸ್ವಲ್ಪ ಇಳಿಯುತ್ತದೆ. ಹತ್ತಿರದ್ದು ಕಡಿಮೆಯದೆಂದು ನಾವು ಯಾವಾಗ ನಂಬತೊಡಗಿದೆವೋ.

ಚಿಕ್ಕ ಊರಿನ ಚಿಕ್ಕ ಸಂಸ್ಥೆಯಲ್ಲಿ ಅರ್ಜಿಗಿಂತ ಹಳೆಯದಾದ ಒಂದು ಪ್ರಶ್ನೆಯಿದೆ: ‘ಯಾರ ಪೈಕಿ ಆಗಬೇಕಪ್ಪಾ ನೀ?’ ಅದರಲ್ಲಿ ಅಕ್ಕರೆಯೂ ಇದೆ. ಅಜ್ಜನ ಹೆಸರು ಕೇಳಿ, ಹೊಲ ಯಾವ ಕಡೆ ಎಂದು ಕೇಳಿ, ಶುಲ್ಕಕ್ಕೆ ಎರಡು ತಿಂಗಳು ತಡೆದುಕೊಳ್ಳುವ ಮನಸ್ಸು ಆ ಪ್ರಶ್ನೆಯಿಂದಲೇ ಹುಟ್ಟುತ್ತದೆ. ಆದರೆ ಯಾರ ಪೈಕಿಯೂ ಅಲ್ಲದ ಹುಡುಗನಿಗೆ, ಮೇಜಿನ ಆಚೆ ಕೂತವರ ನೆನಪಿನಲ್ಲಿ ಅಜ್ಜನ ಹೆಸರೇ ಇಲ್ಲದ ಹುಡುಗಿಗೆ, ಅದೇ ಪ್ರಶ್ನೆ ಹೇಗೆ ಕೇಳಿಸೀತು? ನಾವು ಬೈಯುವ ಫಾರ್ಮು ಮುಖ ನೋಡುವುದಿಲ್ಲ, ನಿಜ. ಮುಖ ನೋಡಿ ಮಣೆ ಹಾಕುವುದೂ ಇಲ್ಲ. ಪರಿಚಯವೇ ಬಂಡವಾಳವಾಗಿರುವ ಕಡೆ ಈ ಕುರುಡುತನದಲ್ಲಿ ಬಡವನ ಪಾಲಿನ ನ್ಯಾಯ ಸ್ವಲ್ಪ ಅಡಗಿದೆ ಎಂದೇ ನನಗೆ ತೋರುತ್ತದೆ.

ಬಾಗಿಲಲ್ಲಿ ನಿಲ್ಲಿಸಿ ಅರ್ಹತೆ ಕೇಳುವುದು ಈ ಸೀಮೆಯವರಿಗೆ ಹೊಸದೂ ಅಲ್ಲ. ಸೊಲ್ಲಾಪುರ ಸೊನ್ನಲಿಗೆಯಾಗಿದ್ದ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಆತನನ್ನು ಅಲ್ಲಮಪ್ರಭು ಕಲ್ಯಾಣಕ್ಕೆ ಕರೆದುಕೊಂಡು ಹೋದಾಗ ಅಲ್ಲಿ ಎದ್ದ ಚರ್ಚೆಯನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಈತನ ಮೈಮೇಲೆ ಇಷ್ಟಲಿಂಗವಿಲ್ಲ, ನಮ್ಮೊಳಗೆ ಹೇಗೆ ಸೇರಿಸಿಕೊಳ್ಳುವುದು ಎನ್ನುವುದು ಚೆನ್ನಬಸವಣ್ಣನ ಆಕ್ಷೇಪ. ಒಳಗೆ ಬೆಳಗಿದವನಿಗೆ ಹೊರಗಿನ ಕುರುಹು ಯಾಕೆ ಎನ್ನುವುದು ಅಲ್ಲಮನ ವಾದ. ಊರಿಗೆಲ್ಲ ನೀರು ಕೊಟ್ಟವನ ಕೈಯಲ್ಲಿ ದಾಖಲೆಯೊಂದಿರಲಿಲ್ಲ, ಅಷ್ಟೆ. ಓದುವಾಗ ನಮ್ಮ ಮನಸ್ಸು ಸಹಜವಾಗಿ ಅಲ್ಲಮನ ಕಡೆಗೇ ವಾಲುತ್ತದೆ. ಆದರೆ ಚೆನ್ನಬಸವಣ್ಣನ ಮಾತನ್ನು ತಳ್ಳಿಹಾಕುವುದು ಅಷ್ಟು ಸುಲಭವೇ? ದೊಡ್ಡವನೆಂದು ಒಬ್ಬನಿಗೆ ನಿಯಮ ಸಡಿಲಿಸಿದರೆ, ನಾಳೆ ದೊಡ್ಡವರ ಮಗನೆಂದು ಇನ್ನೊಬ್ಬನಿಗೆ ಸಡಿಲಿಸಬೇಕಾಗುತ್ತದೆ. ಕೊನೆಗೆ ಸಿದ್ಧರಾಮ ಚೆನ್ನಬಸವಣ್ಣನ ಕೈಯಿಂದಲೇ ಲಿಂಗದೀಕ್ಷೆ ಪಡೆದ. ಆ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತೀರ್ಪಿಗಿಂತ ಚರ್ಚೆಯೇ. ನಿಯಮ ಹಿಡಿದವನು ಎದುರಿನ ಮನುಷ್ಯನ ಮುಂದೆಯೇ ಅದಕ್ಕೆ ಕಾರಣ ಹೇಳುತ್ತಾನೆ. ನಿಯಮ ಬೇಡವೆಂದವನಿಗೂ ಸಭೆ ಕಿವಿಗೊಡುತ್ತದೆ. ಇಂದು ಅರ್ಜಿ ತಿರುಗಿ ಬಂದ ಯಾವ ಮಗುವಿಗೆ ಅಷ್ಟು ಸಮಯ ಕೊಡುತ್ತೇವೆ?

ಮೇಜಿನ ಆಚೆ ಕೂತವರು ಮರೆಯುವ ಸಂಗತಿ ಇನ್ನೊಂದಿದೆ. ಈ ಕಾಲೇಜುಗಳೂ ಒಮ್ಮೆ ಅರ್ಜಿ ಹಿಡಿದು ನಿಂತವೇ. 1940ರಲ್ಲಿ ಸೊಲ್ಲಾಪುರದಲ್ಲಿ ದಯಾನಂದ ಕಾಲೇಜು ಶುರುವಾದಾಗ ಮಾನ್ಯತೆ ಮುಂಬಯಿ ವಿಶ್ವವಿದ್ಯಾಲಯದಿಂದ ಬರಬೇಕಿತ್ತು. 1953ರಲ್ಲಿ ಸಂಗಮೇಶ್ವರ ಕಾಲೇಜು ಹುಟ್ಟುವ ಹೊತ್ತಿಗೆ ಪುಣೆಯ ಕಡೆ ಮುಖ ಮಾಡಬೇಕಿತ್ತು. 1962ರ ನಂತರ ಕೊಲ್ಲಾಪುರ, 2004ರಿಂದ ಸೊಲ್ಲಾಪುರದ್ದೇ ವಿಶ್ವವಿದ್ಯಾಲಯ. ಕಟ್ಟಡ ಎಷ್ಟಿದೆ, ಪುಸ್ತಕ ಎಷ್ಟಿವೆ, ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗಳಿಗೆ ಖಾಸಗಿ ಸಂಸ್ಥೆ ಕಟ್ಟುವವರೆಲ್ಲ ಉತ್ತರ ಬರೆದವರೇ. ಬೇಡಿ ಪಡೆದದ್ದನ್ನು ಕೊಡುವಾಗ ಕೈ ಯಾಕೆ ಬಿಗಿಯಾಗುತ್ತದೆ?

ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಮರಾಠಿಯಲ್ಲಿ ಶಾಲೆ ಕಲಿತವರು. ಕನ್ನಡವನ್ನು ತಾವಾಗಿ ದಕ್ಕಿಸಿಕೊಂಡು ಸಿದ್ಧರಾಮನ ಮೇಲೆ ಪುರಾಣಕಾವ್ಯವನ್ನೇ ಬರೆದರು; 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ. ಕಲಿಕೆಯ ಮಾಧ್ಯಮ ಎಂಬ ಚೌಕದಲ್ಲಿ ಅವರು ಮರಾಠಿ ಎಂದೇ ಬರೆಯಬೇಕಿತ್ತಲ್ಲ! ಈಗ ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದ ಮಕ್ಕಳು ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು. ಅವರಿಗೆ ಕನ್ನಡದ ಒಂದು ಪರೀಕ್ಷೆಯೂ ಇದೆ. ಪರೀಕ್ಷೆ ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಕಡೆ ರಹಿವಾಸಿಯೆಂದೂ ಇನ್ನೊಂದು ಕಡೆ ಕನ್ನಡಿಗನೆಂದೂ ಸಾಬೀತು ಮಾಡಿ ಬಂದ ಮಗುವಿಗೆ, ಮೂರನೆಯ ಕಡೆಯಲ್ಲಾದರೂ ಏನನ್ನೂ ಸಾಬೀತು ಮಾಡದೆ ಒಂದು ಗಳಿಗೆ ಕೂರಲು ಜಾಗ ಬೇಡವೇ?

ಅಂಥ ಜಾಗ ಚಿಕ್ಕ ಕಾಲೇಜಿನಲ್ಲಿ ಸಾಧ್ಯ, ಅದೂ ಈಗ. 2025ರಿಂದ ಮಹಾರಾಷ್ಟ್ರದಾದ್ಯಂತ ಹನ್ನೊಂದನೆಯ ತರಗತಿಯ ಪ್ರವೇಶ ಆನ್‌ಲೈನಿಗೆ ಹೋಗಿದೆ. ಹತ್ತರವರೆಗೆ ಕಾಲೇಜುಗಳ ಹೆಸರು ಬರೆದರೆ ಸೀಟು ಎಲ್ಲಿಂದಲೋ ಬರುತ್ತದೆ. ವ್ಯವಸ್ಥಾಪನೆಯ ಕೋಟಾದಂಥ ಕೆಲವನ್ನು ಬಿಟ್ಟರೆ ಪ್ರಾಚಾರ್ಯರ ಕೈಯಲ್ಲಿ ಕೊಡುವುದೂ ಇಲ್ಲ, ತಡೆಯುವುದೂ ಇಲ್ಲ. ಅಧಿಕಾರ ಹೋಯಿತೆಂದು ಕೊರಗುವವರಿದ್ದಾರೆ. ಆದರೆ ಸೀಟು ಕೈಯಲ್ಲಿದ್ದ ಕಾಲಕ್ಕೆ ಯಾವ ಹುಡುಗ ತಾನೇ ಅವರ ಮುಂದೆ ನಿಜ ಹೇಳುತ್ತಿದ್ದ? ಈಗ ಸೀಟು ಖಾತ್ರಿ ಮಾಡಿಕೊಂಡೇ ಬಂದು ನಿಂತವನನ್ನು ಕೂರಿಸಿ, ‘ಏನು ಓದಬೇಕಂತೀಯೋ ತಮ್ಮಾ?’ ಎಂದು ಕೇಳಬಹುದು. ಫಾರ್ಮಿನಲ್ಲಿ ಆ ಚೌಕವಿಲ್ಲ. ‘ಗೊತ್ತಿಲ್ರೀ ಸರ’ ಎಂದು ಹುಡುಗ ಹೇಳಿದರೂ ಅವನ ಪ್ರವೇಶಕ್ಕೆ ಏನೂ ಕುಂದಿಲ್ಲ.