ಸ್ಮಾರಕವೂ ಸ್ಮರಣೆಯೂ

‘ಸ್ಮಾರಕ’ ಮತ್ತು ‘ಸ್ಮರಣೆ’ ಎಂಬ ಎರಡು ಶಬ್ದಗಳಿಗೂ ಮೂಲವಾದ ಧಾತುವು ಒಂದೇ. ನೆನೆಯುವ ಕ್ರಿಯೆಯು ಸ್ಮರಣೆ. ನೆನೆಯುವಂತೆ ಮಾಡುವುದು ಸ್ಮಾರಕ. ಆದುದರಿಂದ ಯಾವುದು ಮನದಲ್ಲಿ ನೆನಹನ್ನು ಎಚ್ಚರಿಸಲಾರದೋ ಅದು ಎಷ್ಟೇ ಎತ್ತರವಾಗಿದ್ದರೂ ಕಲ್ಲೇ ಹೊರತು ಸ್ಮಾರಕವಲ್ಲ. ಈ ವಿವೇಕವನ್ನು ಕನ್ನಡನಾಡಿಗೆ ಕಲಿಸಿದವರಲ್ಲಿ ಸ್ತ್ರೀಯರೂ ಅಗ್ರಗಣ್ಯರು.

ಗದಗ ಜಿಲ್ಲೆಯ ಲಕ್ಕುಂಡಿಯೇ ಇದಕ್ಕೆ ಸಾಕ್ಷಿ. ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಕ್ರಿ.ಶ. 1007ರಲ್ಲಿ ಅಲ್ಲಿ ಬಸದಿಯನ್ನು ಕಟ್ಟಿಸಿದಳು. ಆದರೂ ಕಲ್ಲೊಂದೇ ಸಾಕೆಂದು ಆಕೆ ಬಗೆಯಲಿಲ್ಲ. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಬಸದಿಯನ್ನು ಕಾಣಲು ಜನರೇ ಅಲ್ಲಿಗೆ ಹೋಗಬೇಕು. ಓಲೆಯಾದರೋ ಓದುವವರ ಮನೆಗೇ ನಡೆದುಬರುವುದು.

ಅದೇ ಲಕ್ಕುಂಡಿಯು 12ನೆಯ ಶತಮಾನದ ಶರಣೆ ಮುಕ್ತಾಯಕ್ಕನ ಹುಟ್ಟೂರೆಂದು ಹೇಳುವರು. ಗುಪ್ತಭಕ್ತನಾದ ಅಣ್ಣ ಅಜಗಣ್ಣನೇ ಆಕೆಗೆ ಗುರು. ಅವನು ಲಿಂಗೈಕ್ಯನಾದ ಮೇಲೆ ಆಕೆ ಅವನಿಗಾಗಿ ಕಟ್ಟಿದುದು ನುಡಿಯ ಸ್ಮಾರಕವನ್ನು. ತನ್ನ ವಚನಗಳಿಗೆ ಅಣ್ಣನ ಹೆಸರನ್ನೇ ಅಂಕಿತವಾಗಿರಿಸಿದಳು. ಇಂದಿಗೂ ಆ ವಚನಗಳನ್ನು ಓದುವವರ, ಹಾಡುವವರ ನಾಲಗೆಯ ಮೇಲೆ ಅಜಗಣ್ಣನ ಹೆಸರು ಬಂದೇ ತೀರುವುದು.

ಇಲ್ಲೊಂದು ಶಂಕೆ ಹುಟ್ಟಬಹುದು: ಅಗಲಿದವರ ನೆನಪು ಮೋಹವಲ್ಲವೆ? ಶೋಕಿಸುತ್ತಿದ್ದ ಮುಕ್ತಾಯಕ್ಕನಿಗೂ ಅಲ್ಲಮಪ್ರಭುದೇವರಿಗೂ ನಡೆದ ಸಂವಾದವನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಆಕೆ ಪ್ರಭುದೇವರ ಮಾತನ್ನು ಒಮ್ಮೆಲೇ ಒಪ್ಪಿಕೊಳ್ಳಲಿಲ್ಲ. ಅವರ ಅರಿವನ್ನೇ ಒರೆಗೆ ಹಚ್ಚಿ ನೋಡಿದಳು. ಪ್ರಶ್ನೆ ಉತ್ತರಗಳ ಕಡೆಯಲ್ಲಿ ಶೋಕವು ಕರಗಿತು, ಅರಿವು ಉಳಿಯಿತು. ಅರಿವಿಗೆ ಮುಟ್ಟದ ನೆನಪು ಮೋಹ. ಅರಿವಾಗಿ ಮಾಗಿದ ನೆನಪು ಅನುಭಾವ.

ಗೃಹಸ್ಥರಾದ ಸದ್ಭಕ್ತರು ಇದನ್ನು ತಮ್ಮ ಮನೆಯ ಮಟ್ಟಿಗೆ ವಿಚಾರಿಸಬೇಕು. ಬಸವಕಲ್ಯಾಣದಲ್ಲಿ 2012ರಲ್ಲಿ ಬಸವಣ್ಣನವರ 108 ಅಡಿಗಳ ಮೂರ್ತಿಯು ಅನಾವರಣಗೊಂಡಿತು. ಅದರ ದರ್ಶನವು ಭಕ್ತಿಯ ಕಾರ್ಯವೇ ಸರಿ. ಆದರೆ ದರ್ಶನವನ್ನು ಮುಗಿಸಿ ಮನೆಗೆ ಮರಳಿದವರು ಅಲ್ಲಿ ಏನನ್ನು ಕೇಳುವರು? ಮೂಲೆಯಲ್ಲಿ ಕುಳಿತ ಮುದಿತಾಯಿಯು ತನ್ನ ಅತ್ತೆಯಿಂದ ಕಲಿತ ಧಾಟಿಯಲ್ಲಿ ವಚನವೊಂದನ್ನು ಗುನುಗುತ್ತಿರುವಳು. ಅದನ್ನು ಕೇಳಲು ಮಗನಿಗೆ ಬಿಡುವಿಲ್ಲ, ಮೊಮ್ಮಗಳಿಗೆ ಕಲಿಸಿದವರಿಲ್ಲ. ಆ ತಾಯಿಯು ಲಿಂಗೈಕ್ಯಳಾದ ದಿನ ಧಾಟಿಯೂ ಅವಳೊಡನೆ ಮಣ್ಣಾಗುವುದು. ಬಳಿಕ ಅದೇ ಮಗನು ಸಮಾಧಿಗೆ ಕಲ್ಲು ಹಾಸಿಸಲು ಹಣ ಕೂಡಿಸುವನು. ಜೀವಂತ ಸ್ಮಾರಕವನ್ನು ಮನೆಯಲ್ಲಿಯೇ ಕಳೆದುಕೊಂಡು ಹೊಲದಲ್ಲಿ ಜಡಸ್ಮಾರಕವನ್ನು ನಿಲ್ಲಿಸಿದರೆ ಫಲವೇನು?

ಇನ್ನೊಂದು ಮಾತು. ಮುಕ್ತಾಯಕ್ಕನು ಪ್ರಭುದೇವರನ್ನೇ ಪ್ರಶ್ನಿಸಿದಳೆಂದು ಸಭೆಯಲ್ಲಿ ಕೊಂಡಾಡುವವರು ಮನೆಯಲ್ಲಿ ಮಗಳು ಪ್ರಶ್ನಿಸಿದರೆ ಸುಮ್ಮನಿರೆನ್ನುವುದು ಶರಣಮಾರ್ಗವಲ್ಲ.

ಅನೇಕ ಊರುಗಳ ಅಕ್ಕನ ಬಳಗಗಳಲ್ಲಿ ತಾಯಂದಿರು ಕೂಡಿ ವಚನಗಳನ್ನು ಓದುವರು, ಹಾಡುವರು. ಓದಿನಿಂದ ಅರ್ಥವು ತಿಳಿಯುವುದು. ರಾಗದಿಂದ ಅದು ಎದೆಯಲ್ಲಿ ನೆಲೆಗೊಳ್ಳುವುದು. ವಚನವು ಛಂದಸ್ಸಿನ ಕಟ್ಟಿಗೆ ಒಳಪಟ್ಟುದಲ್ಲವಾದರೂ ರಾಗಕ್ಕೆ ಒಲಿಯುವುದು. ಮನೆಮನೆಯಲ್ಲಿಯೂ ಸಂಜೆಯ ಲಿಂಗಪೂಜೆಯಾದ ಮೇಲೆ ಹಿರಿಯ ತಾಯಿಯು ಒಂದು ವಚನವನ್ನು ಹಾಡಲಿ, ಮಕ್ಕಳು ಅದನ್ನು ಓದಿ ಅರ್ಥವನ್ನು ಕೇಳಲಿ, ತಿಳಿದವರು ಹೇಳಲಿ. ಇದಕ್ಕೆ ಹಣವು ಬೇಡ, ಕಲ್ಲು ಬೇಡ. ಅರ್ಧ ಗಳಿಗೆಯ ಬಿಡುವು ಸಾಕು. ಶರಣೆಯರ ನುಡಿಯು ನಾಲಗೆಯಿಂದ ನಾಲಗೆಗೆ, ಎದೆಯಿಂದ ಎದೆಗೆ ಸಾಗುವವರೆಗೆ ಅವರ ಸ್ಮಾರಕಕ್ಕೆ ಅಳಿವಿಲ್ಲ. ಸರ್ವರಿಗೂ ಆ ಸ್ಮರಣೆಯು ಅರಿವಾಗಿ ಫಲಿಸಲಿ.